ಮರದ ಬಟ್ಟಲು ಮತ್ತು ತಟ್ಟೆಗಳನ್ನು ಕಡೆಯುವ ಹವ್ಯಾಸ

(ಲೇಖಕರು : ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ.)

ಸುಗ್ಗಿ ಮುಗಿದ ಮೇಲೆ ಮುಂಗಾರು ಮಳೆ ಹತ್ತುವವರೆಗೆ ಬೆದ್ದಲು ಬೇಸಾಯದ ರೈತನಿಗೆ ಬಿಡುವು ಹೆಚ್ಚು. ಈ ಕಾಲದಲ್ಲಿ ಕೈಗೆ ಕೆಲಸವನ್ನೂ ಮನಸ್ಸಿಗೆ ಸಂತೋಷವನ್ನೂ ಕೊಡತಕ್ಕ ಹವ್ಯಾಸಗಳು ಹಲವುಂಟು. ಮರದ ಬಟ್ಟಲು, ತಟ್ಟೆ, ಮರಿಗೆ ಮುಂತಾದುವನ್ನು ಯಂತ್ರದ ಮೇಲೆ ಕಡೆದು ತೆಗೆಯುವುದು ಅವುಗಳಲ್ಲೊಂದು. ಇದಕ್ಕೆ ಬೇಕಾದ ಮರವನ್ನು ಹಣ ಕೊಟ್ಟು ತರಬೇಕಾದುದಿಲ್ಲ. ಗಾಳಿಗೆ ಬಿದ್ದ ಹಲಸು, ಫಲ ನಿಂತುಹೋದ ಮಾವು, ಕಾಫಿ ತೋಟದಲ್ಲಿ ನೆರಳಿಗಾಗಿ ಬೆಳೆಸಿ ಸವರಿದ ಸಿಲ್ವರ್ ಓಕಿನ ಕೊಂಬೆ, ಇವೆಲ್ಲವೂ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಒಲೆಯ ಪಾಲಾಗುತ್ತವೆ. ಒಂದು ಹೊತ್ತಿನ ಅಡಿಗೆಗೆ ಉರಿದುಹೋಗುವ ತುಂಡು ಮರಿಗೆಯಾದರೆ ಮನೆಯಲ್ಲಿ ಎರಡು ತಲೆಮಾರು ಬಾಳಬಲ್ಲುದು.

ಮರವನ್ನು ಕಡೆಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿರುವ ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಕಾಣದವರು ವಿರಳ. ಟಿಪ್ಪು ಸುಲ್ತಾನನು ಪರ್ಷಿಯಾ ದೇಶದ ಕುಶಲಿಗಳನ್ನು ಕರೆಯಿಸಿ ಅಲ್ಲಿ ಈ ಕಸುಬನ್ನು ನೆಲೆಗೊಳಿಸಿದನೆಂದು ಪ್ರತೀತಿಯುಂಟು. 2005-06ನೆಯ ಸಾಲಿನಲ್ಲಿ ಆ ಬೊಂಬೆಗಳಿಗೆ ಭೌಗೋಳಿಕ ಸೂಚಿಯ ರಕ್ಷಣೆಯೂ ದೊರೆಯಿತು. ಆದರೆ ಬೊಂಬೆಯ ಕೆಲಸಕ್ಕೂ ಬಟ್ಟಲಿನ ಕೆಲಸಕ್ಕೂ ಒಂದು ಭೇದವಿದೆ. ಬೊಂಬೆಗೆ ಸಣ್ಣ ಕೊಂಬೆಯ ತುಂಡು ಸಾಕು. ಅಗಲವಾದ ಬಟ್ಟಲಿಗೆ ದಪ್ಪ ದಿಮ್ಮಿಯನ್ನು ಸೀಳಿದ ಹೋಳು ಬೇಕು. ಅಂತಹ ಹೋಳನ್ನು ಒಣಗಿಸುವುದು ಸುಲಭವಲ್ಲ. ಹೊಸದಾಗಿ ಕೈಹಾಕಿದವರಲ್ಲಿ ಅನೇಕರು ಮೊದಲನೆಯ ಎರಡು ಮೂರು ಬಟ್ಟಲುಗಳು ಬಿರುಕುಬಿಟ್ಟೊಡನೆ, ತಮಗೆ ಕೈಗುಣ ಸಾಲದೆಂದು ಭಾವಿಸಿ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ನಿಜವಾಗಿ ತಪ್ಪು ಅವರ ಕೈಯಲ್ಲಿರುವುದಿಲ್ಲ. ಮರವನ್ನು ಒಣಗಿಸಿದ ರೀತಿಯಲ್ಲಿರುತ್ತದೆ. ಆದಕಾರಣ ಈ ಲೇಖನದಲ್ಲಿ ಆ ವಿಷಯಕ್ಕೇ ಹೆಚ್ಚು ಸ್ಥಳವನ್ನು ಕೊಟ್ಟಿದೆ.

ಲೇಖಕನು ಮಾಡಿದ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ಮುಂಗಾರಿನ ಮೊದಲನೆಯ ಬಿರುಗಾಳಿಗೆ ನಮ್ಮ ಮನೆಯ ಹಿತ್ತಲಿನ ಹಲಸಿನ ಮರವು ಬುಡಸಹಿತ ಉರುಳಿತು. ಅದು ನಮ್ಮ ತಾತನವರು ನೆಟ್ಟ ಮರ. ಅದರಿಂದ ಒಂದು ಮರಿಗೆಯನ್ನು ಮಾಡಿಕೊಡಬೇಕೆಂದು ನಮ್ಮ ತಾಯಿಯವರು ಅಪೇಕ್ಷೆಪಟ್ಟರು. ನಾನು ದಿಮ್ಮಿಯನ್ನು ಕೊಯ್ಯಿಸಿ ಹನ್ನೆರಡು ಹೋಳುಗಳನ್ನು ಮಾಡಿಸಿದೆನು. ಬೇಗ ಒಣಗಲೆಂದು ಒಂಬತ್ತನ್ನು ಅಂಗಳದ ಬಿಸಿಲಿನಲ್ಲಿ ಹರಡಿಸಿದೆನು. ಉಳಿದ ಮೂರಕ್ಕೆ ಸ್ಥಳ ಸಾಲದೆ, ಆಳು ಅವನ್ನು ಕೊಟ್ಟಿಗೆಯ ಮೂಲೆಗೆ ಹಾಕಿ ಮೇಲೆ ಹುಲ್ಲು ಮುಚ್ಚಿದ್ದನು.

ಎಂಟು ದಿನಗಳೊಳಗೆ ಅಂಗಳದ ಒಂಬತ್ತು ಹೋಳುಗಳೂ ಬೆರಳು ತೂರುವಷ್ಟು ಸೀಳಿಬಿಟ್ಟವು. ಕೊಟ್ಟಿಗೆಯ ಮೂರು ಮಾತ್ರ ಉಳಿದವು. ಚನ್ನಪಟ್ಟಣದ ಕಡೆಯ ವೃದ್ಧ ಕೆಲಸಗಾರರೊಬ್ಬರಿಗೆ ಇದನ್ನು ತೋರಿಸಿದಾಗ ಅವರು, "ರಾಗಿ ಒಣಗಿಸಿದ ಹಾಗೆ ಮರ ಒಣಗಿಸಿದ್ದೀರಲ್ಲ, ಸ್ವಾಮಿ" ಎಂದರು. ಕಾಳುಗಳನ್ನು ಒಣಗಿಸುವ ಕ್ರಮವನ್ನು ಊರೂರಿಗೆ ಹೋಗಿ ಬೋಧಿಸುವ ನನಗೆ ಆ ಮಾತು ಚೆನ್ನಾಗಿ ನಾಟಿತು. ಕಾಳು ಸಣ್ಣದು, ಒಳಗಿನ ತೇವವು ಹೊರಕ್ಕೆ ಬರಲು ದೂರವಿಲ್ಲ. ಹೋಳು ದಪ್ಪವಾದುದು, ಅದಕ್ಕೆ ಬೇಕಾದುದು ಬಿಸಿಲಲ್ಲ, ನೆರಳು ಮತ್ತು ತಾಳ್ಮೆ.

ಮರವು ಸೀಳುವುದೇಕೆ?

ಹಸಿಯ ಮರದಲ್ಲಿ ನೀರು ಎರಡು ಬಗೆಯಾಗಿರುತ್ತದೆ. ನಾಳಗಳ ಪೊಳ್ಳಿನಲ್ಲಿ ನಿಂತಿರುವ ನೀರು ಒಂದು. ನಾಳಗಳ ಗೋಡೆಯಲ್ಲಿ ಹೀರಿಕೊಂಡಿರುವ ನೀರು ಇನ್ನೊಂದು. ಮೊದಲನೆಯದು ಆರಿಹೋದರೆ ತೂಕ ಕಡಿಮೆಯಾಗುವುದೇ ಹೊರತು ಆಕಾರ ಬದಲಾಗುವುದಿಲ್ಲ. ಒಣಮರದ ತೂಕಕ್ಕೆ ನೂರಕ್ಕೆ ಸುಮಾರು 30 ಭಾಗದಷ್ಟು ತೇವ ಉಳಿದಾಗ ಪೊಳ್ಳಿನ ನೀರು ತೀರಿ, ಗೋಡೆಯ ನೀರು ಆರುವುದಕ್ಕೆ ಪ್ರಾರಂಭವಾಗುತ್ತದೆ. ಅಲ್ಲಿಂದ ಮುಂದೆ ಮರವು ಸೊರಗತೊಡಗುತ್ತದೆ.

ಈ ಸೊರಗುವಿಕೆಯು ಎಲ್ಲ ದಿಕ್ಕಿನಲ್ಲಿಯೂ ಸಮನಾಗಿರುವುದಿಲ್ಲ. ಮರದ ಉದ್ದಕ್ಕೆ ಅದು ಇಲ್ಲವೆಂದೇ ಹೇಳಬಹುದು. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ ಇರುವುದು. ವರ್ಷದ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಅದಕ್ಕೆ ಸುಮಾರು ಎರಡರಷ್ಟಿರುವುದು. ಒಳಗಿನ ಅಳತೆ ಹೆಚ್ಚು ಕುಗ್ಗದೆ ಸುತ್ತಳತೆ ಮಾತ್ರ ಬಹಳ ಕುಗ್ಗಿದರೆ, ಎಲ್ಲಾದರೊಂದು ಕಡೆ ಬಾಯಿಬಿಡದೆ ವಿಧಿಯಿಲ್ಲ. ಉರುಟು ದಿಮ್ಮಿಯನ್ನು ಹಾಗೆಯೇ ಬಿಟ್ಟರೆ ತಿರುಳಿನಿಂದ ತೊಗಟೆಯವರೆಗೆ ಬೆಣೆಯಾಕಾರದ ಸೀಳು ಬರುವುದು ಈ ಕಾರಣದಿಂದಲೇ.

ಇನ್ನೊಂದು ಕಾರಣವೂ ಇದೆ. ಕೊಯ್ದ ತುದಿಗಳಲ್ಲಿ ನಾಳಗಳ ಬಾಯಿ ತೆರೆದಿರುವುದರಿಂದ, ಪಕ್ಕಗಳಿಗಿಂತ ಅಲ್ಲಿ ನೀರು ಅನೇಕ ಪಾಲು ವೇಗವಾಗಿ ಹೊರಟುಹೋಗುತ್ತದೆ. ತುದಿಯು ಕುಗ್ಗಲೆಳಸುತ್ತದೆ, ಇನ್ನೂ ಹಸಿಯಾಗಿರುವ ನಡುಭಾಗವು ಕುಗ್ಗಗೊಡುವುದಿಲ್ಲ. ಈ ಸೆಳೆತದಲ್ಲಿ ತುದಿಯು ಹರಿಯುತ್ತದೆ.

ತುಂಡು ಮಾಡುವ ಮತ್ತು ಒಣಗಿಸುವ ಕ್ರಮ

ಮೇಲಿನ ಕಾರಣಗಳನ್ನು ತಿಳಿದವರಿಗೆ ಪರಿಹಾರವು ತಾನಾಗಿ ಹೊಳೆಯುತ್ತದೆ. ಮರ ಬಿದ್ದೊಡನೆ ಕೆಲಸವನ್ನು ಪ್ರಾರಂಭಿಸಬೇಕು. ಬಟ್ಟಲಿನ ವ್ಯಾಸಕ್ಕಿಂತ ಎರಡು ಮೂರು ಅಂಗುಲ ಉದ್ದವಾಗಿ ದಿಮ್ಮಿಯನ್ನು ತುಂಡುಮಾಡಿ, ಪ್ರತಿಯೊಂದು ತುಂಡನ್ನೂ ತಿರುಳಿನ ಎರಡು ಪಕ್ಕಗಳಲ್ಲಿ ಉದ್ದಕ್ಕೆ ಸೀಳಬೇಕು. ನಡುವೆ ಬರುವ ತಿರುಳಿನ ಹಲಗೆಯನ್ನು ನಿರ್ದಾಕ್ಷಿಣ್ಯವಾಗಿ ಸೌದೆಗೆ ಹಾಕತಕ್ಕದ್ದು. ತಿರುಳು ಉಳಿದ ಬಟ್ಟಲು ಸೀಳದೆ ಉಳಿಯುವುದು ಅಪರೂಪ.

ಕೂಡಲೇ ಕಡೆಯಲು ಅನುಕೂಲವಿಲ್ಲದಿದ್ದರೆ ಹೋಳುಗಳ ತುದಿಗಳಿಗೆ ಮೇಣವನ್ನು ಕರಗಿಸಿ ಬಳಿಯಬೇಕು. ಅದು ದೊರೆಯದಿದ್ದಲ್ಲಿ ಸಗಣಿ ಮತ್ತು ಜೇಡಿಮಣ್ಣನ್ನು ಕಲಸಿ ದಪ್ಪವಾಗಿ ಮೆತ್ತಿ, ಗಾಳಿ ನೇರವಾಗಿ ಬೀಸದ ನೆರಳಿನಲ್ಲಿ ನೆಲಕ್ಕೆ ತಾಗದಂತೆ ಇಡಬೇಕು.

ಎಲ್ಲಕ್ಕಿಂತ ಉತ್ತಮವಾದ ಮಾರ್ಗವೆಂದರೆ ಹಸಿಯಾಗಿರುವಾಗಲೇ ಬಟ್ಟಲನ್ನು ಒರಟಾಗಿ ಕಡೆದಿಟ್ಟು, ಒಣಗಿದ ಮೇಲೆ ಎರಡನೆಯ ಸಲ ಕಡೆದು ಮುಗಿಸುವುದು. ಒರಟು ಬಟ್ಟಲಿನ ಗೋಡೆಯು ವ್ಯಾಸದ ಹತ್ತರಲ್ಲಿ ಒಂದು ಪಾಲು ದಪ್ಪವಿರಬೇಕು. ಎಂದರೆ 10 ಅಂಗುಲದ ಬಟ್ಟಲಿಗೆ ಗೋಡೆಯೂ ತಳವೂ ಒಂದಂಗುಲ. ಒಣಗುವಾಗ ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗೋಡೆ ಇಷ್ಟು ದಪ್ಪವಿದ್ದರೆ ಅದನ್ನು ಪುನಃ ದುಂಡಗೆ ಮಾಡುವುದಕ್ಕೆ ಅವಕಾಶವಿರುತ್ತದೆ. ಇದಕ್ಕಿಂತ ದಪ್ಪ ಬಿಟ್ಟರೆ ಸೀಳುವುದು. ತೆಳ್ಳಗೆ ಮಾಡಿದರೆ ಸೊಟ್ಟ ಹೋದುದನ್ನು ಸರಿಪಡಿಸಲಾಗುವುದಿಲ್ಲ.

ಒರಟು ಬಟ್ಟಲನ್ನು ಅದೇ ಮರದ ಹೆರೆಗಳ ಜತೆಯಲ್ಲಿ ಗೋಣಿಚೀಲ ಅಥವಾ ಕಾಗದದ ಚೀಲದೊಳಗಿಟ್ಟು ನೆರಳಿನಲ್ಲಿರಿಸಬೇಕು. ಪ್ಲಾಸ್ಟಿಕ್ ಚೀಲವು ಕೂಡದು; ಅದರಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ಮಳೆಗಾಲದಲ್ಲಿ ಹೆರೆಗಳನ್ನು ಆಗಾಗ್ಗೆ ಬದಲಾಯಿಸಬೇಕು. ಮಾವಿನಂತಹ ಕುಟ್ಟೆಹುಳ ಬೀಳುವ ಮರವಾದರೆ, ಒರಟಾಗಿ ಕಡೆದ ಬಟ್ಟಲನ್ನು ಅಂಗುಲ ದಪ್ಪಕ್ಕೆ ಒಂದು ಗಂಟೆಯಂತೆ ನೀರಿನಲ್ಲಿ ಕುದಿಸಿ ತೆಗೆಯುವ ಪದ್ಧತಿಯುಂಟು. ಇದರಿಂದ ಮರದೊಳಗಿನ ಸೆಳೆತವು ಸಡಿಲವಾಗುವುದು. ಆಗ ಒಳಗಿರುವ ಹುಳುವೂ ಸಾಯುವುದು. ಮುಂದೆ ಹುಳ ಬೀಳದಂತೆ ಮಾತ್ರ ಇದು ತಡೆಯಲಾರದು.

ಬಟ್ಟಲು ಒಣಗಿತೆಂದು ತಿಳಿಯುವ ಬಗೆ ಹೇಗೆ? ಕಣ್ಣಿನ ಅಂದಾಜನ್ನು ನಂಬಬಾರದು, ತಕ್ಕಡಿಯನ್ನು ನಂಬಬೇಕು. ಕಡೆದ ದಿನ ತೂಕಮಾಡಿ, ತೂಕವನ್ನೂ ತಾರೀಖನ್ನೂ ಬಟ್ಟಲಿನ ತಳದಲ್ಲಿಯೇ ಸೀಸದ ಕಡ್ಡಿಯಿಂದ ಬರೆಯಬೇಕು. ವಾರಕ್ಕೊಮ್ಮೆ ಪುನಃ ತೂಗಿ ಬರೆಯುತ್ತ ಹೋಗಬೇಕು. ಮೂರು ನಾಲ್ಕು ವಾರ ತೂಕವು ಇಳಿಯದೆ ನಿಂತರೆ, ಮರದ ತೇವವು ನಮ್ಮ ಸೀಮೆಯ ಹವೆಗೆ ಸರಿಹೊಂದಿತೆಂದು ತಿಳಿಯಬಹುದು. ನಮ್ಮ ಹಲಸಿನ ಮರಿಗೆಯು ಮೊದಲ ದಿನ 1,850 ಗ್ರಾಂ ಇದ್ದುದು, ಐದು ತಿಂಗಳ ಮೇಲೆ 1,220 ಗ್ರಾಂಗೆ ಬಂದು ನಿಂತಿತು. ಎಂದರೆ ಆ ಸಣ್ಣ ಮರಿಗೆಯಿಂದಲೇ ಅರ್ಧ ಲೀಟರಿಗೂ ಮಿಕ್ಕ ನೀರು ಹೊರಟುಹೋಗಿತ್ತು!

ಯಾವ ಮರ ಒಳ್ಳೆಯದು?

ಹೊಸಬರಿಗೆ ಹಲಸು ಬಹಳ ಯೋಗ್ಯವಾದುದು. ಉಳಿಗೆ ಸುಲಭವಾಗಿ ಒಗ್ಗುತ್ತದೆ. ಹಳದಿಯ ಬಣ್ಣವು ಕಾಲಕ್ರಮದಲ್ಲಿ ಒಳ್ಳೆಯ ಕಂದು ಬಣ್ಣಕ್ಕೆ ತಿರುಗುತ್ತದೆ. ವೀಣೆಯ ಕೊಡವನ್ನು ಇದರಿಂದಲೇ ಮಾಡುವುದು ವಾಚಕರಿಗೆ ತಿಳಿದಿದೆ. ಮಾವು ಮೃದುವಾದುದು, ಎಲ್ಲೆಲ್ಲಿಯೂ ಸಿಕ್ಕುವುದು. ಸಿಲ್ವರ್ ಓಕಿನ ಮೈಯಲ್ಲಿ ಅಂದವಾದ ಚುಕ್ಕೆಗಳ ಹೊಳಪಿರುವುದು. ಆದರೆ ಅದರ ಪುಡಿಯು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಹುಣಿಸೆಯ ಚೇಗು ಅತಿ ಗಟ್ಟಿಯಾದುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಕೈ ಪಳಗಿದ ಮೇಲೆ ಅದನ್ನು ಮುಟ್ಟುವುದು ಮೇಲು. ಹೊನ್ನೆಯ ಪಾತ್ರೆಯಲ್ಲಿ ನೀರು ಹಾಕಿದರೆ ಬಣ್ಣ ಬಿಡುತ್ತದೆ. ಆದಕಾರಣ ಒಣ ಪದಾರ್ಥಗಳಿಗೆ ಮಾತ್ರ ಅದು ತಕ್ಕದ್ದು.

ಕಣಗಿಲೆಯು ವಿಷದ ಗಿಡ. ಅದರಿಂದ ಪಾತ್ರೆಯನ್ನು ಎಂದಿಗೂ ಮಾಡಕೂಡದು. ಮಲೆನಾಡಿನ ಹೊಲಗೇರು ಮರದ ಸೊನೆಯು ಸೋಕಿದರೆ ಮೈಯೆಲ್ಲ ಬೊಬ್ಬೆಯೇಳುವುದು; ಅದರ ಹತ್ತಿರಕ್ಕೂ ಹೋಗಬಾರದು. ಶ್ರೀಗಂಧ, ಬೀಟೆ ಮೊದಲಾದ ಮರಗಳನ್ನು ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಡಿಯಕೂಡದೆಂಬುದನ್ನೂ ರೈತರು ಮರೆಯಬಾರದು.

ಯಂತ್ರವೂ ಉಳಿಗಳೂ

ಹಿಂದಿನ ಕಾಲದಲ್ಲಿ ಒಬ್ಬನು ಬಿಲ್ಲಿನ ಹಗ್ಗವನ್ನು ಎಳೆದು ಮರವನ್ನು ತಿರುಗಿಸುತ್ತಿದ್ದನು. ಈಗ ವಿದ್ಯುಚ್ಛಕ್ತಿಯ ಲೇತ್ ಯಂತ್ರಗಳಿವೆ. 10 ಅಂಗುಲದ ಬಟ್ಟಲಿಗೆ ಮುಕ್ಕಾಲರಿಂದ ಒಂದು ಅಶ್ವಶಕ್ತಿಯ ಮೋಟಾರು ಸಾಕು. ಯಂತ್ರವನ್ನು ಕೊಳ್ಳುವಾಗ ತಿರುಗುವ ಅಚ್ಚಿಗೂ ಕೆಳಗಿನ ಹಾಸಿಗೂ ನಡುವಣ ಎತ್ತರವನ್ನು ಅಳೆದು ನೋಡಬೇಕು. ಅದು 6 ಅಂಗುಲವಿದ್ದರೆ 12 ಅಂಗುಲಕ್ಕಿಂತ ಸ್ವಲ್ಪ ಕಡಿಮೆ ವ್ಯಾಸದ ತಟ್ಟೆಯವರೆಗೆ ಮಾತ್ರ ಮಾಡಬಹುದು. ವೇಗವನ್ನು ಹೆಚ್ಚು ಕಡಿಮೆ ಮಾಡುವ ಏರ್ಪಾಡು ಅವಶ್ಯವಾಗಿರಬೇಕು.

ಬಾಯಿ ದೋಣಿಯಂತೆ ಬಾಗಿರುವ ಉಳಿಯೊಂದು, ಮೈಯನ್ನು ಹೆರೆದು ಸಮಮಾಡುವ ಉಳಿಯೊಂದು, ತಳವನ್ನು ಬೇರ್ಪಡಿಸುವ ಸಪೂರವಾದ ಉಳಿಯೊಂದು, ಹೀಗೆ ಮೂರು ಉಳಿಗಳಿದ್ದರೆ ಪ್ರಾರಂಭಕ್ಕೆ ಸಾಕು. ಹತ್ತು ಉಳಿಗಳನ್ನು ಕೊಳ್ಳುವುದಕ್ಕಿಂತ ಮೂರನ್ನು ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಸಾಣೆಯನ್ನು ಕೊಳ್ಳುವುದು ಜಾಣತನ. ಮೊಂಡು ಕುಡುಗೋಲಿನಿಂದ ಕೊಯ್ದ ಪೈರಿನಂತೆ ಮೊಂಡು ಉಳಿಯಿಂದ ಕಡೆದ ಮರವು ಕಿತ್ತುಕಿತ್ತು ಬರುತ್ತದೆ.

ಕಡೆಯುವ ರೀತಿ

ಹೋಳಿನ ಮೂಲೆಗಳನ್ನು ಮೊದಲು ಗರಗಸದಿಂದ ತೆಗೆದು ದುಂಡಗೆ ಮಾಡಿ, ಕಬ್ಬಿಣದ ಬಿಲ್ಲೆಗೆ ತಿರುಪುಮೊಳೆಗಳಿಂದ ಭದ್ರಪಡಿಸಬೇಕು. ತಿರುಪುಮೊಳೆಗಳು ಮುಂದೆ ಟೊಳ್ಳು ಮಾಡಿ ತೆಗೆಯುವ ಕಡೆಗೆ ಇರಲಿ. ಹೊರಮೈಯನ್ನು ಕಡೆದು, ತಳದಲ್ಲಿ ಚಕ್ಕಿನ ಹಿಡಿಗೆ ತಕ್ಕ ಪಾದವನ್ನು ಮಾಡಿದ ಮೇಲೆ, ಹೋಳನ್ನು ತಿರುಗಿಸಿ ಹಿಡಿಸಿ ಒಳಭಾಗವನ್ನು ತೆಗೆಯಬೇಕು.

ವೇಗಕ್ಕೆ ಒಂದು ಸುಲಭವಾದ ಲೆಕ್ಕವಿದೆ. ಬಟ್ಟಲಿನ ವ್ಯಾಸವನ್ನು ಅಂಗುಲಗಳಲ್ಲಿಯೂ ಯಂತ್ರವು ಒಂದು ನಿಮಿಷಕ್ಕೆ ತಿರುಗುವ ಸುತ್ತುಗಳನ್ನೂ ಗುಣಿಸಿದರೆ 6,000ದಿಂದ 9,000ದೊಳಗೆ ಬರಬೇಕು. ಇದರಂತೆ 10 ಅಂಗುಲದ ಬಟ್ಟಲಿಗೆ ನಿಮಿಷಕ್ಕೆ 600ರಿಂದ 900 ಸುತ್ತು; 6 ಅಂಗುಲದ್ದಕ್ಕೆ 1,000ದಿಂದ 1,500 ಸುತ್ತು. ಹೋಳು ಇನ್ನೂ ದುಂಡಗಾಗದಿರುವಾಗ ಇದಕ್ಕಿಂತಲೂ ನಿಧಾನವಾಗಿರಬೇಕು.

ಉಳಿಯನ್ನು ಹಿಡಿಯುವಾಗ ಮೊದಲು ಅದರ ಮೈ ಯಂತ್ರದ ಒರಗುಗಂಬಿಯ ಮೇಲೆ ಊರಬೇಕು; ಆಮೇಲೆ ಬಾಯಿಯ ಹಿಂದಿನ ಓರೆಮುಖವು ಮರಕ್ಕೆ ಸೋಕಬೇಕು; ಕಟ್ಟಕಡೆಗೆ ಹಿಡಿಯನ್ನು ಮೆಲ್ಲಗೆ ಎತ್ತುತ್ತ ಬಾಯಿಯನ್ನು ಮರಕ್ಕೆ ತಗುಲಿಸಬೇಕು. ಈ ಕ್ರಮವನ್ನು ತಪ್ಪಿ ಬಾಯಿಯನ್ನೇ ಮುಂದೆ ಮಾಡಿದರೆ ಉಳಿಯು ಕಚ್ಚಿಕೊಂಡು ಕೈಯಿಂದ ಹಾರುವುದು. ಕೊಟ್ಟಿಗೆಯಲ್ಲಿ ಉಳಿದಿದ್ದ ಮೂರು ಹೋಳುಗಳಲ್ಲಿ ಒಂದನ್ನು ನಾನು ಈ ಆತುರದಿಂದಲೇ ಒಡೆದುಕೊಂಡೆನು. ಇನ್ನೊಂದು ನನ್ನ ಲೋಭದಿಂದ ಕೆಟ್ಟಿತು. ಹಗುರವಾಗಲೆಂದು ಹಸಿಯಲ್ಲಿಯೇ ಅರ್ಧ ಅಂಗುಲಕ್ಕೆ ಇಳಿಸಿದುದರಿಂದ ಒಣಗಿದಾಗ ತೀರ ಸೊಟ್ಟಗಾಯಿತು. ಉಳಿದುದು ಒಂದೇ ಒಂದು.

ಉಳಿಯು ಸಾಗುವ ದಿಕ್ಕೂ ಮುಖ್ಯವಾದುದು. ಹೋಳಿನಲ್ಲಿ ಮರದ ನಾರು ಅಡ್ಡಲಾಗಿರುವುದರಿಂದ, ಹೊರಮೈಯನ್ನು ಪಾದದಿಂದ ಅಂಚಿನ ಕಡೆಗೂ, ಒಳಮೈಯನ್ನು ಅಂಚಿನಿಂದ ನಡುವಿನ ಕಡೆಗೂ ಕಡೆಯತಕ್ಕದ್ದು. ಹೀಗೆ ಮಾಡಿದರೆ ಕತ್ತರಿಸುವ ನಾರಿಗೆ ಕೆಳಗಿನ ನಾರು ಆಸರೆಯಾಗಿ ನಿಂತು ಮೈ ನುಣುಪಾಗುವುದು. ತಿರುಗುಮುರುಗಾಗಿ ಮಾಡಿದರೆ ನಾರು ಕಿತ್ತು ಬರುವುದು.

ಎಚ್ಚರಿಕೆಗಳು

ನಿಮಿಷಕ್ಕೆ 900 ಸುತ್ತು ತಿರುಗುವ 10 ಅಂಗುಲದ ಬಟ್ಟಲಿನ ಅಂಚು ಗಂಟೆಗೆ 40 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುತ್ತದೆ. ಹೋಳು ಒಡೆದು ಹಾರಿದರೆ ಪೆಟ್ಟು ಸಾಮಾನ್ಯವಾದುದಲ್ಲ. ಆದಕಾರಣ ಕನ್ನಡಕವೊಂದೇ ಸಾಲದು. ಮುಖವನ್ನೆಲ್ಲ ಮುಚ್ಚುವ ಗವಸು ಬೇಕು. ಯಂತ್ರವನ್ನು ಚಾಲೂ ಮಾಡುವ ಮುನ್ನ ಹೋಳನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲಿಯೂ ತಗುಲುವುದಿಲ್ಲವೆಂದು ನೋಡಬೇಕು. ಚಾಲೂ ಮಾಡುವಾಗ ಹೋಳಿನ ಎದುರಿಗೆ ನಿಲ್ಲಬಾರದು. ಪಂಚೆಯ ಚುಂಗು, ಹೆಗಲ ವಸ್ತ್ರ, ಸಡಿಲವಾದ ತೋಳು, ಕೈಬಳೆ, ಬಿಚ್ಚಿದ ಕೂದಲು ಇವುಗಳೊಂದಿಗೆ ಯಂತ್ರದ ಬಳಿಗೆ ಹೋಗಲೇಬಾರದು. ಕೈಗವಸನ್ನೂ ಹಾಕಿಕೊಳ್ಳಬಾರದು, ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಹಳ್ಳಿಗಳಲ್ಲಿ ವಿದ್ಯುತ್ತು ನಡುವೆ ನಿಂತುಹೋಗುವುದುಂಟಷ್ಟೆ. ನಿಂತೊಡನೆ ಸ್ವಿಚ್ಚನ್ನು ಆರಿಸದಿದ್ದರೆ, ಪುನಃ ಬಂದಾಗ ಯಂತ್ರವು ತಾನಾಗಿಯೇ ತಿರುಗಿ ಅಪಾಯವನ್ನುಂಟುಮಾಡುವುದು.

ಮರದ ನುಣ್ಣನೆಯ ಧೂಳನ್ನು ಕಡೆಗಣಿಸಬಾರದು. ಅದು ಕ್ಯಾನ್ಸರ್ ರೋಗಕ್ಕೆ ಕಾರಣವಾಗಬಲ್ಲುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ನಿರ್ಣಯಿಸಿದೆ. ಮೂಗುಬಾಯಿಗಳನ್ನು ಒಳ್ಳೆಯ ಮುಖವಾಡದಿಂದ ಮುಚ್ಚಿಕೊಂಡು, ಗಾಳಿಯಾಡುವ ಸ್ಥಳದಲ್ಲಿ ಕೆಲಸಮಾಡಬೇಕು.

ಮೆರಗು

ಚನ್ನಪಟ್ಟಣದವರು ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಅಂಟಿಕೊಳ್ಳುತ್ತದೆ. ಆಮೇಲೆ ಕೇದಗೆಯ ಒಣಗರಿಯಿಂದ ಒತ್ತಿ ಹಿಡಿದರೆ ಕನ್ನಡಿಯಂತಹ ಹೊಳಪು ಬರುತ್ತದೆ. ಅರಗು ಕೂಡ ವ್ಯವಸಾಯದ ಉತ್ಪನ್ನವೇ. ಮುತ್ತುಗ, ಎಲಚಿ, ಜಾಲಾರಿ ಮುಂತಾದ ಮರಗಳ ಎಳೆಯ ಕೊಂಬೆಗಳ ಮೇಲೆ ಅರಗಿನ ಕೀಟವು ಇದನ್ನುಂಟುಮಾಡುತ್ತದೆ. ಇದರ ವಿಷಯವಾದ ಸಂಶೋಧನಾಲಯವೊಂದು 1924ರಲ್ಲಿಯೇ ರಾಂಚಿಯ ಬಳಿ ಸ್ಥಾಪಿತವಾಯಿತು. ಆದರೆ ಅರಗು ಬಿಸಿಗೆ ಮೆತ್ತಗಾಗುವುದು. ಬಿಸಿ ಸಾರು, ಅನ್ನ ಹಾಕುವ ಪಾತ್ರೆಗಳಿಗೆ ಅದು ಸರಿಯಲ್ಲ; ಹಣ್ಣಿನ ತಟ್ಟೆ, ಕುಂಕುಮದ ಬಟ್ಟಲುಗಳಿಗೆ ಯೋಗ್ಯವಾದುದು.

ಊಟಕ್ಕೆ ಬಳಸುವ ಬಟ್ಟಲುಗಳಿಗೆ ಶುದ್ಧವಾದ ಅಗಸೆಯೆಣ್ಣೆಯನ್ನು ತೆಳ್ಳಗೆ ಸವರಿ, ಮಿಕ್ಕುದನ್ನು ಒರೆಸಿ, ಕೆಲವು ದಿನ ಗಾಳಿಗೆ ಬಿಡಬೇಕು. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಎಣ್ಣೆಯು ಗಾಳಿಯೊಡನೆ ಸೇರಿ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆ, ಕಡಲೆಕಾಯಿಯೆಣ್ಣೆಗಳಿಗೆ ಈ ಗುಣವಿಲ್ಲ. ಬಣ್ಣದಂಗಡಿಯಲ್ಲಿ "ಕಾಯಿಸಿದ್ದು" ಎಂದು ಮಾರುವ ಅಗಸೆಯೆಣ್ಣೆಗೆ ಸಾಮಾನ್ಯವಾಗಿ ಲೋಹದ ಲವಣಗಳನ್ನು ಸೇರಿಸಿರುವುದರಿಂದ ಅದು ಊಟದ ಪಾತ್ರೆಗೆ ಬೇಡ. ಮುಖ್ಯವಾದ ಇನ್ನೊಂದು ಮಾತು: ಅಗಸೆಯೆಣ್ಣೆ ನೆನೆದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ, ಹಸಿಯ ಹುಲ್ಲಿನ ಬಣವೆಯಂತೆ ಒಳಗೊಳಗೇ ಕಾವೇರಿ ತಾನಾಗಿ ಬೆಂಕಿ ಹತ್ತುವುದುಂಟು. ಅಂತಹ ಬಟ್ಟೆಯನ್ನು ಬಯಲಿನಲ್ಲಿ ಹರಡಿ ಆರಿಸಬೇಕು, ಇಲ್ಲವೆ ನೀರಿನಲ್ಲಿ ನೆನೆಸಿಡಬೇಕು.

ಬದುವಿನ ಮೇಲೆ ಹಾಲೆಯ ಮರ

ಕೊನೆಯದಾಗಿ ರೈತರಲ್ಲಿ ಒಂದು ವಿಜ್ಞಾಪನೆ. ಚನ್ನಪಟ್ಟಣದ ಬೊಂಬೆಗೆ ಒದಗುವ ಮರವು ಹಾಲೆ, ಬೆಪ್ಪಾಲೆಯೆಂದೂ ಕರೆಯುವರು. ಮುರಿದರೆ ಬಿಳಿಯ ಹಾಲು, ಬಿಳಿಯ ಸುವಾಸನೆಯ ಹೂವು, ತುದಿಯಲ್ಲಿ ಕೂಡಿಕೊಂಡಿರುವ ಜೋಡಿ ಕೋಡುಗಳು, ಇವು ಇದರ ಗುರುತು. ಏಳೆಲೆಯ ಹಾಲೆಯೆಂಬುದು ಬೇರೆಯ ಮರ. ಹಾಲೆಯ ಮರವು ಬಿಳುಪಾಗಿ, ನಾರು ಒತ್ತಾಗಿ, ಉಳಿಗೆ ಬೆಣ್ಣೆಯಂತೆ ಒಗ್ಗುತ್ತದೆ. ಕಡಿದ ಬುಡದಿಂದ ಪುನಃ ಚಿಗುರುವುದು ಇದರ ದೊಡ್ಡ ಗುಣ. ಕಡಿಯುವವರೇ ಹೆಚ್ಚಾಗಿ ನೆಡುವವರು ಕಡಿಮೆಯಾದರೆ ಯಾವ ಮರವೂ ಉಳಿಯಲಾರದು. ಕಲ್ಲುಬದುಗಳ ಮೇಲೆ ಹತ್ತಾರು ಹಾಲೆಯ ಸಸಿಗಳನ್ನು ನೆಟ್ಟರೆ ಬೆಳೆಗೆ ಹೆಚ್ಚು ತೊಂದರೆಯಿಲ್ಲದೆ ಮುಂದಿನವರ ಕೈಗೆ ಕೆಲಸವಾಗುವುದು.

ನಮ್ಮ ಹಲಸಿನ ಹನ್ನೆರಡು ಹೋಳುಗಳಲ್ಲಿ ಕಟ್ಟಕಡೆಗೆ ಒಂದೇ ಮರಿಗೆ ಸಿದ್ಧವಾಯಿತು. ನಮ್ಮ ತಾಯಿಯವರು ಈಗ ಪ್ರತಿದಿನವೂ ಅದರಲ್ಲಿ ಅವಲಕ್ಕಿಯನ್ನು ಕಲಸುತ್ತಾರೆ. ಹನ್ನೊಂದು ಹೋಳುಗಳು ಕೆಟ್ಟ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಬರೆದುದು ವಾಚಕರ ಹೋಳುಗಳಾದರೂ ಕೆಡದಿರಲೆಂದು. ಈ ಮುಂಗಾರಿನ ಗಾಳಿಗೆ ಯಾರ ಹಿತ್ತಲಿನಲ್ಲಿಯಾದರೂ ಮರ ಬಿದ್ದರೆ, ಕೊಡಲಿಯನ್ನು ಎತ್ತುವ ಮೊದಲು ನೆರಳಿನ ಒಂದು ಮೂಲೆಯನ್ನು ಅವರು ತೆರವು ಮಾಡಿಟ್ಟುಕೊಳ್ಳಲಿ.